ಬೆಳ್ಳಿಗೆ ಬೇಕಾದ ಬೆರಕೆ

ಪಾಠಶಾಲೆಯಲ್ಲಿ ತರ್ಕವ್ಯಾಕರಣಗಳನ್ನು ಓದಿ ಬಂದ ನನಗೆ, ವಿಜ್ಞಾನದ ಅಧ್ಯಾಪಕರಿಲ್ಲದಿದ್ದ ಒಂದು ವರ್ಷ ಆ ತರಗತಿಯೂ ತಲೆಗೆ ಬಂದಿತು. ವೇಗವರ್ಧಕವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತುವೆಂದು ಪುಸ್ತಕದಲ್ಲಿದ್ದುದನ್ನು ಒಪ್ಪಿಸಿ, "ಅದರಲ್ಲಿ ಬೇರೇನಾದರೂ ಬೆರೆತರೆ ಕೆಟ್ಟಿತೆಂದೇ ತಿಳಿಯಿರಿ" ಎಂದು ನನ್ನದನ್ನೂ ಸೇರಿಸಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು, "ಬೆರೆತರೆ ಒಳ್ಳೆಯದೂ ಆಗಬಹುದಲ್ಲವೆ, ಮೇಷ್ಟ್ರೇ?" ಎಂದನು. ಅಧಿಕಪ್ರಸಂಗವೆಂದು ಗಂಟೆ ಬಾರಿಸುವವರೆಗೆ ಅವನನ್ನು ನಿಲ್ಲಿಸಿದೆನು.

ಅವನೇ ಈಚೆಗೆ ಮನೆಗೆ ಬಂದಿದ್ದನು. ಈಗ ಅವನು ರಾಸಾಯನಿಕ ಎಂಜಿನಿಯರು. ಎಥಿಲೀನ್ ಅನಿಲವನ್ನು ಆಮ್ಲಜನಕದೊಡನೆ ಕೂಡಿಸಿ ಎಥಿಲೀನ್ ಆಕ್ಸೈಡನ್ನು ಪಡೆಯುವುದು ಅವನ ಕೆಲಸ. ನಾವು ಉಡುವ ಪಾಲಿಯೆಸ್ಟರ್ ಬಟ್ಟೆಯ ಮೂಲದ್ರವ್ಯಗಳಲ್ಲೊಂದು ಇದರಿಂದಲೇ ಆಗುತ್ತದಂತೆ. ಇಲ್ಲಿ ವೇಗವರ್ಧಕವು ಬೆಳ್ಳಿ. ಅದರ ಈ ಗುಣವನ್ನು 1931ರಲ್ಲಿ ಫ್ರಾನ್ಸಿನ ಲಫೋರ್ ಎಂಬುವರು ಕಂಡುಕೊಂಡರು.

"ಆದರೆ ಬರಿಯ ಬೆಳ್ಳಿಗೆ ವಿವೇಕ ಸಾಲದು" ಎಂದನು. ಅದು ಎಥಿಲೀನಿನ ಅರ್ಧದಷ್ಟನ್ನು ಸುಟ್ಟು ಇಂಗಾಲದ ಡೈಆಕ್ಸೈಡೂ ನೀರೂ ಆಗಿಸಿಬಿಡುತ್ತದೆ. ಹತ್ತು ಲಕ್ಷ ಪಾಲಿಗೆ ಕೆಲವು ನೂರು ಪಾಲು ಸೀಸಿಯಂ ಲೇಪಿಸಿ, ಅನಿಲಧಾರೆಯಲ್ಲಿ ಅದಕ್ಕಿಂತಲೂ ಅತ್ಯಲ್ಪವಾಗಿ ಕ್ಲೋರಿನ್ ಸಂಯುಕ್ತವನ್ನು ಬಿಟ್ಟರೆ, ನೂರಕ್ಕೆ 80ರಷ್ಟು ಬೇಕಾದ ವಸ್ತುವೇ ಆಗುತ್ತದೆ. ರೀನಿಯಂ ಕೂಡಿದರೆ 90ರ ಸಮೀಪಕ್ಕೇರುತ್ತದೆ. ಇಂತಹ ಬೆರಕೆಗಳಿಗೆ ಉತ್ತೇಜಕಗಳೆಂದು ಹೆಸರು.

ಕ್ಲೋರಿನ್ನಿನ ಸಂಗತಿಯೇ ನನ್ನನ್ನು ಬೆರಗುಗೊಳಿಸಿತು. ಲೋಹದ ವೇಗವರ್ಧಕಗಳಿಗೆ ಅದು ಸಾಮಾನ್ಯವಾಗಿ ವಿಷ. ಇಲ್ಲಿಯೂ ಹೆಚ್ಚಾದರೆ ಬೆಳ್ಳಿ ನಿಶ್ಚೇಷ್ಟವಾಗುತ್ತದೆ. ಕಡಮೆಯಾದರೆ ದಹನವು ಮಿತಿಮೀರುತ್ತದೆ. ಮೇಲ್ಮೈಯಿಂದ ಅದು ಸದಾ ಕಳಚಿಹೋಗುವುದರಿಂದ ಎಡೆಬಿಡದೆ ಒದಗಿಸುತ್ತಿರಬೇಕು. ವೈದ್ಯರು ವತ್ಸನಾಭಿಯನ್ನು ಶೋಧಿಸಿ ಮಾತ್ರೆಗೆ ಸೇರಿಸುವುದು ನೆನಪಾಯಿತು. ಆದರೆ ಹೋಲಿಕೆ ಪೂರ್ತಿಯಾಗಿ ಸಲ್ಲದು. ಕ್ಲೋರಿನ್ನಿನಿಂದ ಕ್ರಿಯೆಯ ವೇಗವು ತಗ್ಗುತ್ತದೆ, ದಾರಿ ಮಾತ್ರ ನೇರವಾಗುತ್ತದೆ. ವೇಗವರ್ಧಕಕ್ಕೆ ವೇಗವನ್ನು ತಗ್ಗಿಸುವ ಉತ್ತೇಜಕ! ಸೀಸಿಯಮಿನ ರೀತಿ ಬೇರೆ. ಬೆಳ್ಳಿಗೆ ಆಧಾರವಾದ ಅಲ್ಯೂಮಿನದ ಆಮ್ಲಸ್ಥಾನಗಳನ್ನು ಅದು ಶಮನಗೊಳಿಸಿ, ಆದ ಪದಾರ್ಥವು ಅಲ್ಲಿ ರೂಪಾಂತರ ಹೊಂದಿ ಉರಿದುಹೋಗದಂತೆ ಕಾಯುತ್ತದೆ.

ಘಟಕ್ಕೆ ಮಣ್ಣಲ್ಲದೆ ದಂಡಚಕ್ರಗಳೂ ಕಾರಣವೆಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ ನನಗೆ, ಅಂದು ಆ ಹುಡುಗನ ಪ್ರಶ್ನೆಯಲ್ಲಿ ಸಹಕಾರಿಕಾರಣವು ಏಕೆ ಕಾಣಲಿಲ್ಲವೋ ತಿಳಿಯದು.

ಕಾಫಿ ಕುಡಿಯುವಾಗ, "ಅಂದು ನಿನ್ನನ್ನು ನಿಲ್ಲಿಸಿದ್ದು ಜ್ಞಾಪಕವಿದೆಯೇನಪ್ಪಾ?" ಎಂದು ಕೇಳಿದೆನು.

"ಯಾವ ದಿನ, ಮೇಷ್ಟ್ರೇ? ತಾವು ನನ್ನನ್ನು ಎಷ್ಟೋ ದಿನ ನಿಲ್ಲಿಸಿದ್ದೀರಿ" ಎಂದು ನಕ್ಕನು. ನನಗೆ ಜ್ಞಾಪಕವಿದ್ದುದು ಆ ಒಂದು ದಿನ ಮಾತ್ರ.