ಮಾವನ ಕೋವಿ ಮತ್ತು ಮುಕ್ಕಾಲು ಪವರು

ನಾನು ಕನ್ನಡಕ ಮಾರುವವ. ಸಂತೆಕಟ್ಟೆಯಲ್ಲಿ ಸಣ್ಣದೊಂದು ಅಂಗಡಿ, ಮನೆ ಕೆಮ್ಮಣ್ಣಿನಲ್ಲಿ. ತೂಗುಸೇತುವೆ ನೋಡಲು ಬರುವವರು ದಾರಿ ಕೇಳುವುದು ಹೆಚ್ಚಾಗಿ ನಮ್ಮ ಗೇಟಿನ ಎದುರಲ್ಲೇ. ಇಲ್ಲಿ ಸ್ವರ್ಣಾ ನದಿ, ಕುದ್ರು, ತೆಂಗು, ಚೂರುಪಾರು ಗದ್ದೆ. ಗದ್ದೆಗೆ ನವಿಲು ಬರ್ತದೆ, ತೆಂಗಿಗೆ ಮಂಗ ಬರ್ತದೆ. ಕೋವಿ ಹಿಡಿಯುವಂಥ ಊರಲ್ಲ ಇದು. ಹಾಗಿರುವಾಗ ಇವನಿಗೆಂಥ ಕೋವಿಯ ಉಸಾಬರಿ ಅಂತ ನೀವು ಕೇಳಬಹುದು. ಹೇಳ್ತೇನೆ, ಸ್ವಲ್ಪ ಉದ್ದದ ಕತೆ.

2023ರ ದೀಪಾವಳಿ ಹೊತ್ತಿಗೆ ಟೆಕ್ಸಾಸಿನಿಂದ ಭಾವ ಫೋನು ಮಾಡಿದ. ಭಾವ ಅಂದರೆ ನನ್ನ ಸೋದರಮಾವನ ಮಗ. ಅಲ್ಲಿಯ ಪೌರತ್ವ ಸಿಕ್ಕಿ ಎಷ್ಟೋ ವರ್ಷ ಆಯಿತು, ಅಲ್ಲಿಯವರ ಹಾಗೆ ಬೇಟೆಯ ಹುಚ್ಚೂ ಹತ್ತಿದೆ. ಅದೂ ರಿವಾಲ್ವರಿನಲ್ಲಿ! ನಮಗೆ ರಿವಾಲ್ವರ್ ಅಂದರೆ ಸಿನೆಮಾದ ಇನ್ಸ್‌ಪೆಕ್ಟರನ ಸೊಂಟದಲ್ಲಿ ಇರುವುದು. ಭಾವನದ್ದು .44 ಮ್ಯಾಗ್ನಮ್, ರುಗರ್ ಕಂಪೆನಿಯ ಸೂಪರ್ ರೆಡ್‌ಹಾಕ್. ಅದರ ಮೈಮೇಲೆ ದುರ್ಬೀನು ಕೂರಿಸಲು ಕಂಪೆನಿಯವರೇ ಜಾಗ ಮಾಡಿ ಕೊಟ್ಟಿರುತ್ತಾರೆ. ಅಲ್ಲಿ ಊರಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿ, ಯುರೋಪಿನಿಂದ ತಂದ ಕಾಡುಹಂದಿಗಳ ಜೊತೆ ಬೆರೆತು ವಿಪರೀತ ಹೆಚ್ಚಿವೆಯಂತೆ. ಜಾಗದ ಯಜಮಾನ ಒಪ್ಪಿದರೆ ಅವನ್ನು ಹೊಡೆಯಲು 2019ರಿಂದ ಬೇಟೆಯ ಲೈಸೆನ್ಸೂ ಬೇಡ.

"ಭಾವ, ನೀನು ಲೆನ್ಸಿನವ. ಸ್ಕೋಪು ಹಾಕಲೋ, ರೆಡ್ ಡಾಟ್ ಹಾಕಲೋ ಹೇಳು" ಅಂದ.

ನನಗೆ ಕೋವಿ ಗೊತ್ತಿಲ್ಲ, ಕಣ್ಣು ಸ್ವಲ್ಪ ಗೊತ್ತುಂಟು. ಆದರೆ ಕೇಳಿದವ ಭಾವ, ಗೊತ್ತಿಲ್ಲ ಅನ್ನಲು ಮರ್ಯಾದೆ ಬಿಡಬೇಕಲ್ಲ :) ಒಂದು ವಾರ ಓದಿದೆ.

ಗುರಿ ಹಿಡಿಯುವವನಿಗೆ ಮೂರು ವಸ್ತು ಒಟ್ಟಿಗೆ ಕಾಣಬೇಕು. ಹಿಂದಿನ ಕಚ್ಚು, ನಳಿಗೆಯ ತುದಿಯ ಮಣಿ, ಆಚೆ ಇರುವ ಗುರಿ. ಮೂರೂ ಬೇರೆ ಬೇರೆ ದೂರದಲ್ಲಿ ಇರುವುದರಿಂದ ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟ ನೋಡಬಲ್ಲದು. ಎಳೆಯ ಕಣ್ಣಾದರೆ ಮೂರರ ಮಧ್ಯೆ ಸರಸರ ಓಡಾಡಿ ಸುಧಾರಿಸುತ್ತದೆ. ನಲವತ್ತೈದು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿರುಸಾಗುತ್ತದೆ, ಆ ಓಡಾಟ ನಿಲ್ಲುತ್ತದೆ. ಪೇಪರನ್ನು ಕೈ ಉದ್ದ ಮಾಡಿ ಓದುತ್ತೇವಲ್ಲ, ಅದೇ ಕಾಯಿಲೆ.

ರೆಡ್ ಡಾಟ್ ಇದಕ್ಕೆ ಒಳ್ಳೆಯ ಮದ್ದು. ಇದರ ಮೂಲ ಹಳೆಯದು. ಡಬ್ಲಿನ್ನಿನ ಹೊವಾರ್ಡ್ ಗ್ರಬ್ ಎಂಬ ದೂರದರ್ಶಕ ತಯಾರಕ 1900ರಲ್ಲೇ ಪ್ರತಿಫಲನದ ಗುರಿಗಾಜು ಮಾಡಿದ್ದ. ಬ್ಯಾಟರಿ ಹಾಕಿದ ರೆಡ್ ಡಾಟನ್ನು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪೆನಿ 1975ರಲ್ಲಿ ತಂದಿತು. ಸಣ್ಣ ಕೆಂಪು ಬೆಳಕು ಒಂದು ಬಾಗಿದ ಗಾಜಿಗೆ ಬಡಿದು ಕಣ್ಣಿಗೆ ಬರ್ತದೆ, ಬರುವಾಗ ಬಹಳ ದೂರದಿಂದ ಬಂದ ಬೆಳಕಿನ ಹಾಗೆ ನೇರ ಕಿರಣವಾಗಿ ಬರ್ತದೆ. ಹಾಗಾಗಿ ಚುಕ್ಕಿಯೂ ಗುರಿಯೂ ಒಂದೇ ದೂರದಲ್ಲಿ ಇದ್ದಂತೆ ಕಾಣ್ತದೆ. ಮುದಿ ಕಣ್ಣಿಗೂ ತಾಪತ್ರಯ ಇಲ್ಲ, ಕಣ್ಣು ಎಷ್ಟು ಹಿಂದಿದ್ದರೂ ಆಯಿತು.

ಸ್ಕೋಪಿನದ್ದು ಬೇರೆ. ರೈಫಲಿನ ಸ್ಕೋಪನ್ನು ಕಣ್ಣಿಗೆ ಮೂರು ನಾಲ್ಕು ಇಂಚು ಹತ್ತಿರ ಇಡಬೇಕು. ರಿವಾಲ್ವರನ್ನು ಹಾಗೆ ಹಿಡಿದರೆ ಈಡು ಸಿಡಿದ ಕೂಡಲೇ ಅದು ಎಗರಿ ಹುಬ್ಬು ಒಡೆದೀತು. ಕೈ ನೀಡಿ ಹಿಡಿಯುವುದಕ್ಕೆಂದೇ ಒಂದೂವರೆ ಅಡಿ ದೂರದಿಂದ ನೋಡುವ ಸ್ಕೋಪುಗಳು ಬೇರೆ ಸಿಗ್ತವೆ. ಅವುಗಳಲ್ಲಿ ಕಾಣುವ ನೋಟ ಕಿರಿದು. ಗುರಿ ಎರಡು ಪಟ್ಟು ದೊಡ್ಡದಾದರೆ ಕೈಯ ನಡುಕವೂ ಎರಡು ಪಟ್ಟು ಆಗ್ತದೆ. ಅದಕ್ಕೇ ಎರಡು ಪಟ್ಟಿನದ್ದೇ ಸಾಕು, ಹೆಚ್ಚಿನ ಆಸೆ ಬೇಡ ಅಂದೆ.

ರೆಡ್ ಡಾಟೇ ತಗೊ ಅಂತ ಹೇಳಿಯೂ ಬಿಟ್ಟೆ. ಅಂಗಡಿಯಲ್ಲಿ ನೋಡಿ ಬಂದವ "ಎಂಥ ಮಾರಾಯ, ಚುಕ್ಕಿ ಅಲ್ಲ ಅದು, ಅಲ್ಪವಿರಾಮದ ಹಾಗೆ ಬಾಲ ಉಂಟು" ಅಂದ. ಆಗ ನೆನಪಾಯಿತು, ಅವನ ಕಣ್ಣಿನಲ್ಲಿ ಸಿಲಿಂಡರ್ ಪವರ್ ಉಂಟು. ನಮ್ಮಲ್ಲೇ ಮಾಡಿಸಿದ ಕನ್ನಡಕ. ಬೇಟೆಗೆ ಹೋಗುವಾಗ ಮಂಜು ಹಿಡಿಯುತ್ತದೆ ಅಂತ ಅದನ್ನು ತೆಗೆದಿಡುತ್ತಾನಂತೆ. ಚುಕ್ಕಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸು ಅಂದೆ. ಫೋಟೋದಲ್ಲಿ ಮುತ್ತಿನ ಹಾಗೆ ದುಂಡಗಿತ್ತು! ಐಬು ಗಾಜಿನದ್ದಲ್ಲ, ಕಣ್ಣಿನದ್ದು. ಕೊನೆಗೆ ಎರಡು ಪಟ್ಟಿನ ಸ್ಕೋಪು ತಗೊಂಡ. ಕನ್ನಡಕವನ್ನೂ ಹಾಕಿಕೊಳ್ಳುತ್ತೇನೆ ಅಂತ ಮಾತು ಕೊಟ್ಟ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಮಾತುಕತೆಯನ್ನೆಲ್ಲ ಮಾವ ಕೇಳಿಸಿಕೊಂಡಿದ್ದರು.

ಮಾವನ ಮನೆ ಕಾರ್ಕಳದ ಆಚೆ ಮಾಳದ ಕಡೆ, ಘಟ್ಟದ ಬುಡ. ತೋಟ ಮುಗಿದಲ್ಲಿ ಕಾಡು ಸುರು. ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ ಉಂಟು, ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ಆ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು, 2023ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಲ್ಲಿ ಹಂದಿ ಎರಡನೇ ಶೆಡ್ಯೂಲಿಗೆ ಏರಿದೆ. ಮಾವನಿಗೂ ಇದು ಗೊತ್ತು. ಬರೀ ಮದ್ದು ತುಂಬಿ 'ಢಂ' ಅನ್ನಿಸಿ ಓಡಿಸುವುದೇ ಅವರ ರೂಢಿ.

ಆ ವರ್ಷ ಹಂದಿಗಳು ಶಬ್ದಕ್ಕೆ ಜಗ್ಗುವುದನ್ನು ಬಿಟ್ಟಿದ್ದವು. ಬಾಳೆಯ ಬುಡ, ಗೆಣಸು, ಹೊಸ ಅಡಿಕೆ ಸಸಿ ಎಲ್ಲ ಬುಡಮೇಲು.

"ಮಗನ ಕೋವಿಗೆ ದುರ್ಬೀನು ಹೇಳಿಕೊಟ್ಟಿದ್ದಿ. ನನ್ನದಕ್ಕೂ ಒಂದು ಮಾಡಿಕೊಡು" ಅಂದರು ಮಾವ, ಅಂಗಡಿಗೇ ಬಂದು. "ಮಣಿಯೇ ಕಾಣುವುದಿಲ್ಲ ಮಾರಾಯ. ಮಂಜು ಮಂಜು."

"ಆ ದುಂಡು ನಳಿಗೆಯ ಮೇಲೆ ಎಂಥ ಕೂರಿಸುವುದು ಮಾವ? ಅದು ಬೇಡ. ಕನ್ನಡಕದಲ್ಲೇ ಸರಿ ಮಾಡಿಕೊಡ್ತೇನೆ" ಅಂದೆ.

ನನ್ನ ಜಾಣತನ ನೋಡಿ! ಕೋವಿ ಹಿಡಿದ ಹಾಗೆ ಕೋಲು ಹಿಡಿಸಿ ಟೇಪಿನಲ್ಲಿ ಅಳೆದೆ. ಕಣ್ಣಿನಿಂದ ಮಣಿಗೆ ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದನ್ನು ಆ ದೂರದಿಂದ ಭಾಗಿಸಿದರೆ ಮುಕ್ಕಾಲು ಚಿಲ್ಲರೆ. ದೂರದ ಪವರಿಗೆ ಮುಕ್ಕಾಲು ಡಯಾಪ್ಟರ್ ಪ್ಲಸ್ ಸೇರಿಸಿ ಬೇರೆಯೇ ಒಂದು ಕನ್ನಡಕ ಮಾಡಿಕೊಟ್ಟೆ. ಹಾಕಿಕೊಂಡು ಕೋಲಿನ ತುದಿ ನೋಡಿದ ಮಾವ "ಹಾ! ಈಗ ಉಂಟು!" ಅಂದರು. ದುಡ್ಡು ತಗೊಳ್ಳಲಿಲ್ಲ. ಭಾವನಿಗೆ ಫೋನು ಮಾಡಿ ಬಡಾಯಿ ಕೊಚ್ಚಿಕೊಂಡೆ.

ಎರಡು ವಿಷಯಕ್ಕೆ ನಾನು ಕಿವಿ ಕೊಡಲಿಲ್ಲ. ಒಂದು, ಮಣಿಯನ್ನು ಸ್ಪಷ್ಟ ಮಾಡಿದರೆ ದೂರದ್ದು ಮಸುಕಾಗಲೇಬೇಕು. ರಾತ್ರಿ ಕಣ್ಣಿನ ಪಾಪೆ ಅಗಲವಾದಾಗ ಅದು ಇನ್ನೂ ಹೆಚ್ಚು. ಎರಡನೆಯದು, ಮಾವ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು. "ಟಾರ್ಚಿನ ಬೆಳಕು ಮಾತ್ರ ಒಡೆದು ಕಾಣ್ತದೆ. ಪೇಪರು ಈಗ ಕನ್ನಡಕ ಇಲ್ಲದೆ ಓದ್ತೇನೆ, ಗೊತ್ತುಂಟಾ?" ಎಪ್ಪತ್ತು ದಾಟಿದವರು ಹಠಾತ್ತಾಗಿ ಕನ್ನಡಕ ಇಲ್ಲದೆ ಓದಿದರೆ ಸಂತೋಷಪಡುವ ಮೊದಲು ಪೊರೆಯ ಸಂಶಯ ಪಡಬೇಕು. ಪೊರೆ ಬಲಿಯುವಾಗ ಕಣ್ಣಿನ ಪವರು ಮೈನಸ್ ಕಡೆ ಜಾರಿ ಕೆಲವರಿಗೆ ಹತ್ತಿರದ್ದು ಚೆನ್ನಾಗಿ ಕಾಣ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ದಿನಾ ನೋಡುವ ಸಂಗತಿ. ಅಂಗಡಿಯಲ್ಲಿ ಗಿರಾಕಿ ಇದ್ದರು, "ಆಯ್ತು ಮಾವ, ನೋಡುವ" ಅಂದೆ.

2024ರ ಜನವರಿ. ಇಬ್ಬನಿ ಬೀಳುವ ಕಾಲ. ರಾತ್ರಿ ಎರಡು ಗಂಟೆಗೆ ತೋಟದಲ್ಲಿ ಸರಬರ ಸದ್ದು. ಮಾವ ನಾನು ಕೊಟ್ಟ ಕನ್ನಡಕ ಹಾಕಿ ಕೋವಿ ಹಿಡಿದು ಹೊರಟರು. ಆ ದಿನ ಮದ್ದಿನ ಮೇಲೆ ಚರೆಯನ್ನೂ ತುಂಬಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಟ್ಟಪುಣಿಯ ಆಚೆ ಕಪ್ಪಗೆ ಬಾಗಿದ ಬೆನ್ನು, ಮೆಲ್ಲಗೆ ಅಲ್ಲಾಡುತ್ತಿತ್ತು. ಕೋವಿ ಎತ್ತಿದರು. ಮಣಿ ಸ್ಪಷ್ಟ, ಬೆನ್ನಿನ ನಡುವೆಯೇ ಕೂತಿತ್ತು.

ಆ ಬೆನ್ನು ಕೆಮ್ಮಿತು.

ಪಕ್ಕದ ತೋಟದವರು. ರಾತ್ರಿ ಮಾತ್ರ ತ್ರೀ ಫೇಸ್ ಕರೆಂಟು, ಪಂಪು ಹಾಕಲು ಬಂದವರು ಪೈಪಿನ ಗಂಟು ಬಿಟ್ಟದ್ದನ್ನು ಬಗ್ಗಿ ಸಿಕ್ಕಿಸುತ್ತಿದ್ದರು. ತಲೆಗೆ ಕಂಬಳಿ, ಟಾರ್ಚು ನೆಲದಲ್ಲಿ. ಅವರಿಗೆ ಏನೂ ಗೊತ್ತಾಗಲಿಲ್ಲ. "ಯಾರದು, ಅಣ್ಣನಾ? ಹಂದಿ ಬಂತಾ?" ಅಂದರಂತೆ. ಮಾವ "ಹೌದು, ಓಡಿತು" ಅಂದು ಮನೆಗೆ ಬಂದು ಬೆಳಗಿನವರೆಗೆ ಚಾವಡಿಯಲ್ಲಿ ಕೂತರಂತೆ.

ಒಂದು ವಾರ ಬಿಟ್ಟು ಬಸ್ಸಿನಲ್ಲಿ ಕೆಮ್ಮಣ್ಣಿಗೆ ಬಂದರು. ಕನ್ನಡಕವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. "ಇದು ನಿನ್ನಲ್ಲೇ ಇರಲಿ ಅಳಿಯ" ಅಂದು ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ರಾತ್ರಿ ಊಟ ಸೇರಲಿಲ್ಲ. ನಾನು ಕೊಟ್ಟ ಗಾಜು ಮಾಡಬೇಕಾದ್ದನ್ನೇ ಮಾಡಿತ್ತು. ಗುರಿ ಸರಿ ಇತ್ತು, ಗುರಿಯಲ್ಲಿದ್ದದ್ದು ಯಾರು ಅಂತ ಕಾಣುತ್ತಿರಲಿಲ್ಲ.

ಮಾರ್ಚಿನಲ್ಲಿ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಕೋವಿಯನ್ನು ಠಾಣೆಗೆ ಕೊಟ್ಟಾಯಿತು. ಪ್ರತಿ ಸಲ "ಚುನಾವಣೆಗೆ ಹಂದಿಗಳೂ ರಜೆ ಹಾಕ್ತವಾ?" ಅಂತ ಗೊಣಗುವ ಮಾವ ಈ ಸಲ ಸುಮ್ಮನೆ ಕೊಟ್ಟು ಬಂದರು. ಅದೇ ಎಡೆಯಲ್ಲಿ ಉಡುಪಿಗೆ ಕರೆದುಕೊಂಡು ಹೋಗಿ ಎರಡೂ ಕಣ್ಣಿನ ಪೊರೆ ತೆಗೆಸಿದೆ, ಒಂದು ತಿಂಗಳ ಅಂತರದಲ್ಲಿ. ಒಳಗೆ ಕೂರಿಸಿದ ಮಸೂರ ದೂರಕ್ಕೆ ಹೊಂದಿಸಿದ್ದು. ಪಟ್ಟಿ ಬಿಚ್ಚಿದ ಮರುದಿನ ಚಾವಡಿಯಲ್ಲಿ ನಿಂತು "ಆ ತೆಂಗಿನಲ್ಲಿ ಇಷ್ಟು ಕಾಯಿ ಇತ್ತಾ?" ಅಂದರು.

ಭಾವನಿಗೂ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದ, ಅಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠವೇ ಅದಂತೆ. ಅದು ಏನು ಅಂತ ನೋಡಲು ಕೋವಿಯ ಮೇಲಿನ ದುರ್ಬೀನು ಬಳಸಬಾರದು. ಯಾಕೆಂದರೆ ನೋಡಿದ್ದರ ಕಡೆಗೆಲ್ಲ ನಳಿಗೆಯೂ ತಿರುಗಿರ್ತದೆ. ನೋಡಲು ಕುತ್ತಿಗೆಯಲ್ಲಿ ಬೈನಾಕ್ಯುಲರ್ ಬೇರೆ ಇರಬೇಕು. ಸ್ಕೋಪು, ರೆಡ್ ಡಾಟ್ ಅಂತ ಒಂದು ವಾರ ಓದಿದ ನನಗೆ ಈ ಒಂದು ಸಾಲು ಹೊಳೆದಿರಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಅಪ್ಪನಿಗೆ ಎಂಟು ಪಟ್ಟಿನ ಬೈನಾಕ್ಯುಲರ್ ತಂದುಕೊಟ್ಟ.

ಕೋವಿ ಇನ್ನೂ ಉಂಟು. ಅಜ್ಜನದ್ದು, ಬಿಡಲು ಮನಸ್ಸಿಲ್ಲ ಅಂತ ಲೈಸೆನ್ಸ್ ನವೀಕರಿಸಿದ್ದಾರೆ. ಮದ್ದು ಮಾತ್ರ ತುಂಬುತ್ತಾರೆ. ಹೊರಡುವ ಮೊದಲು ಪಕ್ಕದ ತೋಟದವರಿಗೆ ಒಂದು ಫೋನು ಹೋಗ್ತದೆ. ಚರೆಯ ಡಬ್ಬ ಅಟ್ಟದಲ್ಲಿ ಕಾಣಲಿಲ್ಲ, ಕೇಳಿದರೆ "ಹೊಳೆಗೆ ಹೋಯ್ತು" ಅಂದರು.

ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ಬೆಳದಿಂಗಳು. ನಡುರಾತ್ರಿ ಎಚ್ಚರಾದಾಗ ಮಾವ ಚಾವಡಿಯ ಕತ್ತಲಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದರು. ಕೋವಿ ಒಳಗೆ ಗೋಡೆಯಲ್ಲೇ ಇತ್ತು.

"ಏಳು ಉಂಟು" ಅಂದರು ಪಿಸುದನಿಯಲ್ಲಿ. "ನಾಲ್ಕು ಮರಿ. ಮೈಮೇಲೆ ಗೆರೆ ಉಂಟು ಮಾರಾಯ, ಇಷ್ಟು ವರ್ಷ ಓಡಿಸಿದ್ದೇ ಓಡಿಸಿದ್ದು, ಗೆರೆ ಕಂಡೇ ಇರಲಿಲ್ಲ."

ಗೆಣಸು ಹೋಗುತ್ತಿತ್ತು. ಐದು ನಿಮಿಷ ನೋಡಿದ ಮೇಲೆ ಎದ್ದು ಡಬ್ಬಿ ಬಡಿದು ಓಡಿಸಿದರು.

ಆ ಕನ್ನಡಕ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿ ಉಂಟು. ಯಾರಾದರೂ ಹಿರಿಯರು ಬಂದು "ಬೆಳಕು ಒಡೆದು ಕಾಣ್ತದೆ" ಅಂದರೆ ಡ್ರಾಯರ್ ಒಮ್ಮೆ ಎಳೆದು ನೋಡ್ತೇನೆ. ಗಿರಾಕಿ ಎಷ್ಟೇ ಇರಲಿ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿಯೇ ಮುಂದಿನ ಮಾತು. ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಹೇಳುತ್ತಿದ್ದರೆ, ಕೋವಿ ಇರಲಿ ಬಿಡಲಿ, ಒಮ್ಮೆ ಕರೆದುಕೊಂಡು ಹೋಗಿ ಆಯ್ತಾ...