ಹೊಲ ಮಾರುವ ಮಾತು

6 ಜನವರಿ 2025, ಬನಹಟ್ಟಿ

ಭಾವನ ಬಯಾಪ್ಸಿ ರಿಪೋರ್ಟ್ ಬಂತು. ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್, ಗ್ರೇಡ್ 4. ಹುಬ್ಬಳ್ಳಿಯಲ್ಲಿ ಆಪರೇಷನ್ ಮುಗಿದು ಹೊಲಿಗೆ ಬಿಚ್ಚಿದ್ದಾರೆ, ಊಟ ಸೇರುತ್ತಿದೆ, ಎಡಗೈ ಮಾತ್ರ ಏಳುತ್ತಿಲ್ಲ. ಮನೆಯ ಪವರ್‌ಲೂಮ್ ನಿಂತಿವೆ. ಅಕ್ಕನಿಗೆ "ಗಡ್ಡಿ ತಗದಾರ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ನಾಳೆ ಹೇಳಲೇಬೇಕು.

19 ಜನವರಿ, ಬನಹಟ್ಟಿ

ಬೀಳಗಿಯ ಬೀಗರು ಮಾತಾಡಿಸಲು ಬಂದವರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ನ್ಯಾನೊ ಔಷಧವಂತೆ, ಮೇಲೆ ಬೆಳಕು ಬಿಟ್ಟರೆ ಗಡ್ಡೆ ಮಾಯವಂತೆ. ಅವರು ಹೋದ ಮೇಲೆ ಅಕ್ಕ ಹತ್ತಿರ ಬಂದು ಕೂತಳು. "ತಮ್ಮಾ, ಬೆಳಕ ಬಿಟ್ಟು ಗಡ್ಡಿ ಸುಡತಾರಂತ. ನಮ್ಮನಿಯವ್ರಿಗೂ ಮಾಡಸೂಣ. ಹೊಲಾ ಮಾರಿದ್ರೂ ನಡೀತೈತಿ." ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ರಾತ್ರಿಯೆಲ್ಲ ಓದಿದೆ. ವಿಡಿಯೊದ ವಿಷಯ ಪೂರ್ತಿ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. ಕೆಲವು ಔಷಧಗಳು ಕತ್ತಲಲ್ಲಿ ಸುಮ್ಮನಿರುತ್ತವೆ. ಕೆಂಪು ಬೆಳಕು ಬಿದ್ದೊಡನೆ ಪಕ್ಕದ ಆಮ್ಲಜನಕವನ್ನು ಕೆರಳಿಸಿ ಜೀವಕೋಶವನ್ನು ಕೊಲ್ಲುತ್ತವೆ. ಟಾಲಪೊರ್ಫಿನ್ ಎಂಬ ಇಂಥ ಔಷಧವನ್ನು ಮಿದುಳಿನ ಗಡ್ಡೆಗೆ ಬಳಸಲು ಜಪಾನ್ 2013ರಲ್ಲಿ ಅನುಮತಿ ಕೊಟ್ಟಿದೆ. ಆದರೆ ಅದು ತಲೆ ತೆರೆದಾಗಿನ ಕೆಲಸ. ಗಡ್ಡೆ ತೆಗೆದ ಜಾಗದ ಗೋಡೆಗೆ ಅಲ್ಲೇ ಲೇಸರ್ ಬಿಡಬೇಕು, ಏಕೆಂದರೆ ಬೆಳಕು ಮಿದುಳಿನೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಹೊರಗಿನಿಂದ ಲೈಟ್ ಹಿಡಿದು ಒಳಗಿನ ಗಡ್ಡೆ ಸುಡುತ್ತೇವೆ ಎನ್ನುವವರನ್ನು ನಂಬಲಾರೆ.

25 ಜನವರಿ, ಜಮಖಂಡಿ

ನ್ಯಾನೊ ಕಣಗಳ ಬಗ್ಗೆ ಓದುತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಕಣ್ಣಿಗೆ ಬಿತ್ತು. ಅಶೋಕ್ ರಾಯಚೂರು, ಜಯಪ್ರಕಾಶ್ ಅವರ ತಂಡ ಚಿನ್ನ ಮತ್ತು ತಾಮ್ರದ ಸಲ್ಫೈಡ್ ಕೂಡಿಸಿ 8 ನ್ಯಾನೊಮೀಟರಿಗಿಂತ ಸಣ್ಣ ಕಣ ಮಾಡಿದೆ. ಈ ಕಣಗಳು ಬೆಳಕು ಹೀರಿ ಕಾದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ. ಅದೇ ಬೆಳಕಿಗೆ ಶಬ್ದದ ಅಲೆ ಎಬ್ಬಿಸಿ ಗಡ್ಡೆ ಎಲ್ಲಿದೆ ಎಂದೂ ತೋರಿಸಬಲ್ಲವು. ಓದಿ ಎದೆ ತುಂಬಿತು. ನಮ್ಮ ನಾಡಿನಲ್ಲೇ ಇಂಥದ್ದು ನಡೆದಿದೆಯಲ್ಲ! ಆದರೆ ಪರೀಕ್ಷೆ ಆಗಿರುವುದು ಲ್ಯಾಬಿನಲ್ಲಿ, ಶ್ವಾಸಕೋಶದ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ. ಮಿದುಳಿನ ದಾರಿ ಬೇರೆ. ಅಲ್ಲಿನ ರಕ್ತನಾಳದ ಗೋಡೆ ಬಲು ಒತ್ತಾಗಿ ನೇಯ್ದ ಬಟ್ಟೆಯಂತೆ, ಹೆಚ್ಚಿನ ಔಷಧಗಳನ್ನು ಒಳಗೆ ಬಿಡದು. ಕಣದ ಮೈಗೆ ತಕ್ಕ ಪ್ರೋಟೀನ್ ಅಂಟಿಸಿ ಅದನ್ನು ದಾಟಿಸುವ ಪ್ರಯತ್ನ ಜಗತ್ತಿನ ಹಲವು ಕಡೆ ನಡೆದಿದೆ.

2 ಫೆಬ್ರುವರಿ, ಹುಬ್ಬಳ್ಳಿ

ಮುಧೋಳ, ಲೋಕಾಪುರ, ಯರಗಟ್ಟಿ ದಾಟಿ ಸಂಜೆಗೆ ಬಂದು ಮುಟ್ಟಿದೆವು. ಭಾವ ದಾರಿಯುದ್ದಕ್ಕೂ ಮಲಗಿದ್ದರು.

ವಿಡಿಯೊದಲ್ಲಿದ್ದ ನಂಬರಿಗೆ ನಿನ್ನೆ ಫೋನ್ ಮಾಡಿದ್ದೆ. ಮೊದಲು ಅರ್ಧ ದುಡ್ಡು ಹಾಕಿರಿ ಎಂದರು. ನಮ್ಮ ದೇಶದಲ್ಲಿ 2009ರಿಂದ ಹೊಸ ಔಷಧದ ಪ್ರಯೋಗಗಳನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸುವುದು ಕಡ್ಡಾಯ. ನಿಮ್ಮ ನೋಂದಣಿ ನಂಬರ್ ಹೇಳಿರಿ ಎಂದೆ. ಫೋನ್ ಇಟ್ಟುಬಿಟ್ಟರು.

ಭಾವನಿಗಿರುವಂಥದೇ ಗಡ್ಡೆಯವರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರ ಲೆಕ್ಕವನ್ನು ಅಕ್ಕನ ಮುಂದೆ ಇಟ್ಟೆ. ರೇಡಿಯೇಷನ್ ಒಂದನ್ನೇ ಕೊಟ್ಟಾಗ ಎರಡು ವರ್ಷ ದಾಟಿದವರು ನೂರಕ್ಕೆ 10 ಮಂದಿ; ಟೆಮೊಜೊಲೊಮೈಡ್ ಗುಳಿಗೆಯನ್ನೂ ಕೊಟ್ಟಾಗ 26. ಬಹಳ ಹೊತ್ತು ಸುಮ್ಮನಿದ್ದು, "ಅಷ್ಟರೊಳಗ ಇವ್ರೂ ಇರಬಹುದಲ್ಲ" ಎಂದಳು. ಇರಬಹುದು ಅಕ್ಕಾ, ಎಂದೆ.

ಹೊಲ ಮಾರುವುದಿಲ್ಲ. ನಾಳೆ ಸೋಮವಾರ ರೇಡಿಯೇಷನ್ ಶುರು, ವಾರಕ್ಕೆ ಐದು ದಿನದಂತೆ ಆರು ವಾರ. ಗುಳಿಗೆಯೂ ನಾಳೆಯಿಂದಲೇ, ಖಾಲಿ ಹೊಟ್ಟೆಯಲ್ಲಿ.