ಒಂದು ಗಜ ತಂತಿ

ನಮ್ಮ ಕಂಟೋನ್ಮೆಂಟಿನ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆಯುಂಟು. ಹೋದ ಬೇಸಗೆಯಲ್ಲಿ ಅದನ್ನು ಇಳಿಸಿದಾಗ, ತಾಯಿಯವರ ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ ಸೆಗಾ ಮೆಗಾ ಡ್ರೈವ್ ಯಂತ್ರವು ಕೈಗೆ ಸಿಕ್ಕಿತು. 1988ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಆಟದ ಯಂತ್ರವನ್ನು ನಮ್ಮ ಸೋದರಮಾವನವರು 1994ರಲ್ಲಿ ದುಬೈಯಿಂದ ತಂದುಕೊಟ್ಟಿದ್ದರು. ಎರಡು ವರ್ಷ ಅದು ನಮ್ಮಿಬ್ಬರನ್ನು ಆಳಿತು. 1996ರ ಮೇ ತಿಂಗಳ ಒಂದು ಮಧ್ಯಾಹ್ನ ತೆರೆಯ ಮೇಲಿನ ಚಿತ್ರವೂ ಸದ್ದೂ ಒಮ್ಮೆಗೇ ಮಾಯವಾದುವು. ಆಗ ಆಡುತ್ತಿದ್ದವನು ತಮ್ಮ. ಇವನೇ ಎಳೆದಾಡಿ ಕೆಡಿಸಿದನೆಂದು ತಂದೆಯವರ ಮುಂದೆ ಸಾಕ್ಷಿ ಹೇಳಿದವನು ನಾನು. ಏಟುಗಳು ಅವನಿಗೆ ಬಿದ್ದುವು, ಯಂತ್ರವು ಅಟ್ಟವನ್ನೇರಿತು.

ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡೋಣವೆಂದು ಮಲ್ಟಿಮೀಟರನ್ನು ತೆಗೆದುಕೊಂಡು ಕುಳಿತೆನು. ವೃತ್ತಿಯಿಂದ ನಾನು ಲೆಕ್ಕಪತ್ರದವನು. ತಂತಿಯ ವಿದ್ಯೆ ಬರಿಯ ಹವ್ಯಾಸ. ಆ ಯಂತ್ರದ ಕೇಬಲ್ಲಿನ ಒಂದು ತುದಿಯಲ್ಲಿ ಎಂಟು ಕಡ್ಡಿಗಳ ದುಂಡು ಡಿನ್ ಪ್ಲಗ್ಗು. ಇನ್ನೊಂದರಲ್ಲಿ ಚಿತ್ರಕ್ಕೆ ಹಳದಿ ಪಿನ್ನು, ಸದ್ದಿಗೆ ಬಿಳಿಯದು. ಹೋಗುವ ದಾರಿಗಳು ಎರಡಾದರೂ ಮರಳುವ ದಾರಿ ಒಂದೇ: ಒಳತಂತಿಯನ್ನು ಜಡೆಯಂತೆ ಹೆಣೆದು ಮುಚ್ಚಿರುವ ಗ್ರೌಂಡ್ ತಂತಿ. ಅದರ ಎರಡು ತುದಿಗಳಿಗೆ ಮೀಟರಿನ ಮುಳ್ಳುಗಳನ್ನು ತಾಗಿಸಿದರೆ ಸದ್ದೇ ಇಲ್ಲ. ಪ್ಲಗ್ಗಿನ ಕೊರಳಿನ ಬಳಿ ಕೇಬಲ್ಲನ್ನು ಬಾಗಿಸಿದಾಗ ಮೀಟರು ಕೂಗಿತು, ಬಿಟ್ಟೊಡನೆ ಸುಮ್ಮನಾಯಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ದಿನದಿನವೂ ಮಡಿಚಿ ಮಡಿಚಿ ತಂತಿ ಅಲ್ಲಿ ಕಡಿದಿದ್ದಿತು. ಆಟ ಮುಗಿದ ಮೇಲೆ ಕೇಬಲ್ಲನ್ನು ಯಂತ್ರದ ಸುತ್ತ ಬಿಗಿಯಾಗಿ ಸುತ್ತಿಡುವ ಶಿಸ್ತು ನಮ್ಮ ಮನೆಯಲ್ಲಿ ಒಬ್ಬನಿಗೇ ಇದ್ದಿತು. ಆ ಶಿಸ್ತುಗಾರನು ಯಾರೆಂದು ವಾಚಕರು ಊಹಿಸಬಹುದು.

ಹೊಸ ಕೇಬಲ್ಲನ್ನು ನಾನೇ ಮಾಡಬೇಕೆಂದು ಹಟ ಹುಟ್ಟಿತು. ಎಂಟು ಕಡ್ಡಿಯ ಪ್ಲಗ್ಗು ಬಳ್ಳಾರಿಯಲ್ಲಿ ನನಗೆ ದೊರೆಯಲಿಲ್ಲ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಕೊಂಡು, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಜೇಬಿನಲ್ಲಿಟ್ಟುಕೊಂಡು ಬಂದೆನು. ಚಿತ್ರವನ್ನು ಒಯ್ಯಲು 75 ಓಮಿನ ತೆಳುವಾದ ಕೋಯಾಕ್ಸಿಯಲ್ ತಂತಿ, ಒಂದು ಗಜ. ಬೆಸುಗೆಯ ಕಾವು ತುಸು ಹೆಚ್ಚು ಹೊತ್ತು ತಾಗಿದರೆ ಪ್ಲಗ್ಗಿನ ಪ್ಲಾಸ್ಟಿಕ್ಕು ಕರಗಿ ಕಡ್ಡಿಗಳು ವಾಲುತ್ತವೆ. ಮೊದಲ ಪ್ಲಗ್ಗು ಹೀಗೆಯೇ ಹಾಳಾಯಿತು. ಎರಡನೆಯದನ್ನು ಹಳೆಯ ಸಾಕೆಟ್ಟೊಂದಕ್ಕೆ ಸಿಕ್ಕಿಸಿಕೊಂಡು ಬೆಸೆದೆನು. ಕಡ್ಡಿಗಳು ನೆಟ್ಟಗೆ ನಿಂತುವು. ಆದರೆ ನಕ್ಷೆಯನ್ನು ಮುಂಭಾಗದಿಂದ ಬರೆದಿದ್ದರು, ನಾನು ಬೆಸೆಯುತ್ತಿದ್ದುದು ಹಿಂಭಾಗದಿಂದ! ಕನ್ನಡಿಯೊಳಗಿನಂತೆ ಎಲ್ಲವೂ ಎಡಬಲವಾಗಿದ್ದಿತು. ಆ ಎಂಟರಲ್ಲಿ ಒಂದು ಕಡ್ಡಿಯಲ್ಲಿ ಐದು ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಅದನ್ನು ಗ್ರೌಂಡಿಗೆ ಮುಟ್ಟಿಸಿದ್ದರೆ ತಮ್ಮನ ಮೇಲೆ ಹೊರಿಸಿದ್ದ ಅಪರಾಧವನ್ನು ನಾನೇ ಮಾಡಿ ಮುಗಿಸುತ್ತಿದ್ದೆನು. ಮೀಟರು ಕಾಪಾಡಿತು.

ಅದೇ ಪ್ಲಗ್ಗಿನಿಂದ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಪಡೆದರೆ ಚಿತ್ರವು ಇನ್ನೂ ನಿಚ್ಚಳವಾಗುತ್ತದೆ. ಹಳದಿ ಪಿನ್ನಿನಲ್ಲಿ ಬೆಳಕೂ ಬಣ್ಣವೂ ಬೆರೆತು ಬರುವುದರಿಂದ ಅಂಚುಗಳು ಮಸುಕಾಗುತ್ತವೆ. ಟಿ.ವಿ.ಯ ಹಿಂಬದಿಯಲ್ಲಿ ಆ ಮೂರೇ ಬಣ್ಣದ ತೂತುಗಳನ್ನು ಕಂಡು ನಾನು ಹಿಗ್ಗಿದ್ದೂ ಉಂಟು; ಆದರೆ ಅವು ಕೇಳುವುದು ಬೆಳಕನ್ನೂ ಎರಡು ವರ್ಣವ್ಯತ್ಯಾಸಗಳನ್ನೂ, ಮೂರು ಬಣ್ಣಗಳನ್ನಲ್ಲ. ನಡುವೆ ಪರಿವರ್ತಕವಿಲ್ಲದೆ ಕೂಡದು. ನನಗೆ ಹಳದಿಯೇ ಸಾಕಾಯಿತು.

ರಾತ್ರಿ ಹತ್ತರ ಸುಮಾರಿಗೆ ಗುಂಡಿಯೊತ್ತಿದೆನು. ಸೋನಿಕ್ ಎಂಬ ನೀಲಿಯ ಪ್ರಾಣಿಯು ಮೊದಲಿನಂತೆಯೇ ಬೆರಳಾಡಿಸುತ್ತ ನಿಂತಿದ್ದಿತು. ಆಡಲು ಮನಸ್ಸು ಬರಲಿಲ್ಲ. ಪುಣೆಯಲ್ಲಿರುವ ತಮ್ಮನಿಗೆ ಫೋನು ಮಾಡಿ, ಕೇಬಲ್ಲಿನ ಕೊರಳು, ಮೀಟರು, ನನ್ನ ಸುತ್ತುವ ಶಿಸ್ತು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆನು. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ.

“ಅಪ್ಪನಿಗೆ ಇದು ತಿಳಿಯಬೇಕಾಗಿತ್ತು, ಅಣ್ಣಾ” ಎಂದನು.

ತಂದೆಯವರು ತೀರಿಕೊಂಡು ಒಂಬತ್ತು ವರ್ಷವಾಯಿತು. ನಾನು ಏನನ್ನೂ ಹೇಳಲಾರದೆ ಕುಳಿತೆನು. ಸ್ವಲ್ಪ ತಡೆದು ಅವನೇ ಕೇಳಿದನು: “ಎರಡನೆಯ ಕಂಟ್ರೋಲರು ಇದೆಯೇನು? ದಸರೆಗೆ ಬರುತ್ತೇನೆ.”

ಇದೆ. ಅದರ ತಂತಿಯೂ ಕೊರಳಿನಲ್ಲೇ ಕಡಿದಿದೆ. ನಾಳೆ ಬಿಚ್ಚಬೇಕು.